ಬಾಗಿಲು ಹಾಕಿ, ಕಿಟಕಿ ತೆಗೆದು

8 ಜುಲೈ 2021, ಗುರುವಾರ
ವಿಜಯನಗರ, ಬೆಂಗಳೂರು

ಊಟದ ಹೊತ್ತಿಗೆ ಥೆರಪಿಸ್ಟ್ ಮೇಡಂ ಮೆಸೇಜ್ ಬಂತು. ಮುಂದಿನ ವಾರದಿಂದ ಜಯನಗರದ ಕ್ಲಿನಿಕ್ಕಿಗೆ ವಾರಕ್ಕೆರಡು ದಿನ ಬರ್ತಾರಂತೆ. "ನೀವು ಬಂದು ಕೂತು ಮಾತಾಡ್ತೀರಾ, ಇಲ್ಲ ವಿಡಿಯೋದಲ್ಲೇ ಮುಂದುವರಿಸೋಣವಾ? ನನಗೆ ಎರಡೂ ಸರಿ. ಯೋಚಿಸಿ ಹೇಳಿ." ಯೋಚಿಸಿ ಯೋಚಿಸಿ ನಿದ್ದೆ ಕೆಟ್ಟಿದ್ದಕ್ಕೇ ಅಲ್ವಾ ನಾನು ಇವರ ಹತ್ತಿರ ಹೋಗಿದ್ದು!

ಸೋಮವಾರದಿಂದ ಊರು ಮತ್ತೆ ತೆಗೆದಿದೆ. ಮಾಲು, ದೇವಸ್ಥಾನ ಎಲ್ಲ ಓಪನ್. ರಾತ್ರಿ ಒಂಬತ್ತರ ಕರ್ಫ್ಯೂ ಇನ್ನೂ ಇದೆ. ಇಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನ್ ಹಿಡಿದು, ಜಯನಗರದಲ್ಲಿ ಇಳಿದರಾಯ್ತು. ಕೊರೊನಾಗೆ ಮುಂಚೆ ಹಾಗೇ ಹೋಗ್ತಿದ್ದೆ. ಹೋಗುವಾಗ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಳ್ಳೋದು. ಬರುವಾಗ ಬಾಗಿಲ ಗಾಜಿನ ಕಡೆ ಮುಖ ಮಾಡಿ ನಿಂತು ಕಣ್ಣು ಒರೆಸಿಕೊಳ್ಳೋದು. ಮನೆ ಸೇರುವಷ್ಟರಲ್ಲಿ ಮುಖ ಸರಿಹೋಗಿರುತ್ತಿತ್ತು. ವಿಡಿಯೋದಲ್ಲಿ ಅದಕ್ಕೆ ಟೈಮೇ ಇಲ್ಲ. ಕಾಲ್ ಕಟ್ ಆದ ಮರುಕ್ಷಣ ಅಡುಗೆಮನೆಯಿಂದ ಅಮ್ಮ "ಹಾಲು ಉಕ್ಕುತ್ತೆ, ನೋಡೇ" ಅಂತಾಳೆ.

ಹಾಗಂತ ವಿಡಿಯೋನ ಬಯ್ಯೋಕೆ ಮನಸ್ಸಿಲ್ಲ. ದೇಶಕ್ಕೆಲ್ಲ ಬೀಗ ಬಿದ್ದ ದಿನವೇ, ಅಂದರೆ 2020ರ ಮಾರ್ಚ್ 25ಕ್ಕೆ, ಡಾಕ್ಟರುಗಳಿಗೆ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಆಮೇಲೆ ನಮ್ಮ ನಿಮ್ಹಾನ್ಸೂ ಬೇರೆ ಸಂಸ್ಥೆಗಳೂ ಸೇರಿ ಮನೋವೈದ್ಯರಿಗೇ ಬೇರೆ ಮಾರ್ಗಸೂಚಿ ತಂದವು. ಅಲ್ಲಿಯವರೆಗೆ ಮನಸ್ಸಿನ ಮಾತನ್ನು ಫೋನಲ್ಲಿ ಆಡಬಹುದು ಅಂತ ನಾನಂತೂ ಅಂದುಕೊಂಡೇ ಇರಲಿಲ್ಲ. ಹೋದ ವರ್ಷ ಪೂರ್ತಿ ವಿಡಿಯೋನೇ ಕಾಪಾಡಿದ್ದು. ಸಿಬಿಟಿಯಂಥ (ಯೋಚನೆ, ನಡವಳಿಕೆ ತಿದ್ದಿಕೊಳ್ಳೋದನ್ನ ಕಲಿಸುವ) ಥೆರಪಿ ವಿಡಿಯೋದಲ್ಲೂ ಹೆಚ್ಚುಕಮ್ಮಿ ಅಷ್ಟೇ ಕೆಲಸ ಮಾಡುತ್ತೆ ಅಂತ ಕೊರೊನಾಗೆ ಮುಂಚಿನ ಅಧ್ಯಯನಗಳೇ ಹೇಳಿವೆ. ಓಡಾಟದ ಖರ್ಚಿಲ್ಲ, ಅರ್ಧ ದಿನ ರಜೆ ಬೇಡ. ಫೀಸು ಮಾತ್ರ ಅಷ್ಟೇ ಇದೆ, ಇರಲಿ.

ತೊಂದರೆ ಬೇರೆ ಕಡೆ ಇದೆ. ಪ್ರತಿ ಸಲ ಮೇಡಂ ಮೊದಲು ಕೇಳೋದು, "ಈಗ ಎಲ್ಲಿದ್ದೀರಿ? ಹತ್ತಿರ ಯಾರಾದರೂ ಇದ್ದಾರಾ?" ಎರಡು ರೂಮಿನ ಮನೆ ನಮ್ಮದು. ಒಂದರಲ್ಲಿ ತಮ್ಮನ ವರ್ಕ್ ಫ್ರಂ ಹೋಮ್. ಇನ್ನೊಂದರ ಗೋಡೆಯಾಚೆ ಅಮ್ಮ. ಹಾಗಾಗಿ ನಾನು ಟೆರೇಸಿನಲ್ಲಿ, ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ, ಮಡಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರ್ತೀನಿ. ಕಳೆದ ವಾರ ಮಾತು ಇನ್ನೇನು ಗಂಟಲಿಗೆ ಬಂತು ಅನ್ನುವಷ್ಟರಲ್ಲಿ ಕೆಳಗಿನ ಮನೆ ಆಂಟಿ ಬಟ್ಟೆ ತೆಗೆಯೋಕೆ ಬಂದರು. "ಏನಮ್ಮಾ, ಆಫೀಸ್ ಮೀಟಿಂಗಾ?" ಹ್ಞೂಂ ಆಂಟಿ ಅಂದೆ. ಅವರು ಒಂದೊಂದೇ ಕ್ಲಿಪ್ ಬಿಚ್ಚಿ ಸೆರಗಿಗೆ ಹಾಕಿಕೊಳ್ತಾ ಇದ್ದರು. ನಾನು ಸ್ಕ್ರೀನ್ ನೋಡ್ಕೊಂಡು "ಆ ರಿಪೋರ್ಟ್ ನಾಳೆ ಕಳಿಸ್ತೀನಿ ಮೇಡಂ" ಅಂದೆ. ಮೇಡಂ ಮುಖದಲ್ಲಿ ಒಂಚೂರೂ ಬದಲಾವಣೆ ಇಲ್ಲ, "ಆಗಲಿ, ನಾಳೆ ಕಳಿಸಿ" ಅಂದರು. ಆಂಟಿ ಇಳಿದು ಹೋದರು. ಗಂಟಲಿಗೆ ಬಂದಿದ್ದ ಮಾತೂ ಇಳಿದು ಹೋಯ್ತು.

ನನ್ನದೇನು ಮಹಾ ಕಷ್ಟ ಅಲ್ಲ. ಹೊಡೆಯೋನ ಜೊತೆಯಲ್ಲೇ ಬೀಗ ಹಾಕಿಸಿಕೊಂಡು ಕೂತವರನ್ನು ನೆನೆಸಿಕೊಳ್ಳಿ. ಹೋದ ವರ್ಷ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಮಹಿಳಾ ಆಯೋಗ ದೂರು ಕೊಡೋಕೆ ಅಂತಲೇ ಒಂದು ವಾಟ್ಸಾಪ್ ನಂಬರ್ ತೆಗೆಯಬೇಕಾಯ್ತು. ಬಾಯಿಬಿಟ್ಟು ಮಾತಾಡೋಕೆ ಮನೇಲಿ ಜಾಗವೇ ಇಲ್ಲದವರಿಗೆ ವಿಡಿಯೋ ಥೆರಪಿ ಯಾವ ಉಪಕಾರಕ್ಕೆ? ಅಂಥವರಿಗೆ ಕ್ಲಿನಿಕ್ಕಿನ ಬಾಗಿಲು ಯಾವತ್ತೂ ತೆಗೆದಿರಬೇಕಿತ್ತು ಅಂತ ನನಗನ್ನಿಸುತ್ತೆ.

ನನ್ನ ವಿಷಯ ಅಪ್ಪನದು. ಮೇ ತಿಂಗಳಲ್ಲಿ ಹೋದರು. ಸುಮನಹಳ್ಳಿ ಚಿತಾಗಾರ ಇಲ್ಲಿಂದ ನಾಲ್ಕೈದು ಕಿಲೋಮೀಟರ್. ಅಮ್ಮನಿಗೂ ನನಗೂ ಪಾಸಿಟಿವ್, ಹೋಗೋ ಹಾಗಿರಲಿಲ್ಲ. ತಮ್ಮ ಒಬ್ಬನೇ ಹೋಗಿ ಸರದಿಯಲ್ಲಿ ಕಾದು ಬಂದ. ಅದರ ಬಗ್ಗೆ ಅಮ್ಮನಿಗೆ ಹೇಳಲಾರದ ಒಂದು ಮಾತು ನನ್ನೊಳಗಿದೆ. ಇಲ್ಲೂ ಬರೆಯಲ್ಲ. ಅದನ್ನು ಅಮ್ಮ ಇರುವ ಮನೇಲಿ, ಅಮ್ಮ ಒಣಗಿಸಿದ ಸಂಡಿಗೆ ಪಕ್ಕ ಕೂತು ಆಡೋಕಾಗಲ್ಲ. ಪಿಸುಗುಟ್ಟಿದರೂ ಕೇಳಿಸೀತು ಅನ್ನಿಸುತ್ತೆ.

ಹಾಗಾದರೆ ಜಯನಗರಕ್ಕೆ ಹೋಗೋಣ ಅಂದರೆ, ಅಲ್ಲಿನ ರೂಮು ನೆನಪಾಗುತ್ತೆ. ಎಂಟಡಿ, ಹತ್ತಡಿ ಇರಬಹುದು. ಒಂದೇ ಕಿಟಕಿ, ಎಸಿಗೆ ಅಂತ ಸದಾ ಮುಚ್ಚಿರೋದು. ಗಾಳಿಯಾಡದ ಜಾಗದಲ್ಲಿ ವೈರಸ್ ತೇಲುತ್ತಾ ಉಳಿಯುತ್ತೆ ಅಂತ ಡಬ್ಲ್ಯುಎಚ್‌ಒ ಕೂಡ ಏಪ್ರಿಲ್ ಕೊನೆಗೆ ಒಪ್ಪಿಕೊಂಡಿದೆ. ಫೋನ್ ಮಾಡಿ ಕೇಳಿದೆ. ಎಸಿ ಹಾಕಲ್ವಂತೆ, ಕಿಟಕಿ ತೆಗೆದೇ ಇಡ್ತಾರಂತೆ, ಇಬ್ಬರಿಗೂ ಎನ್95, ಒಬ್ಬರಿಗೂ ಇನ್ನೊಬ್ಬರಿಗೂ ಮಧ್ಯೆ ಒಂದು ಗಂಟೆ ಬಿಡುವು. ಇದಕ್ಕಿಂತ ಜಾಸ್ತಿ ಅವರಾದರೂ ಏನು ಮಾಡಿಯಾರು. ಆದರೆ ಆ ಕಿಟಕಿ ತೆರೆಯೋದು ಮೆಟ್ಟಿಲ ಕಡೆಗೆ. ಪಕ್ಕದ ಹಲ್ಲಿನ ಕ್ಲಿನಿಕ್ಕಿನವರು ಅಲ್ಲೇ ನಿಂತಿರ್ತಾರೆ. ಗುಟ್ಟಿಗೆ ಬಾಗಿಲು ಹಾಕಬೇಕು, ಕೊರೊನಾಗೆ ಕಿಟಕಿ ತೆಗೆಯಬೇಕು. ಮೇಲೆ ಮಾಸ್ಕು, ಗಟ್ಟಿಯಾಗಿ ಮಾತಾಡದೆ ವಿಧಿಯಿಲ್ಲ. ಅಳೋಕೆ ಶುರುಮಾಡಿದರೆ ಮಾಸ್ಕ್ ತೊಯ್ದು ಮೂಗಿಗೆ ಅಂಟಿಕೊಳ್ಳುತ್ತೆ. ಮೇಡಂ ಮುಖ ಪೂರ್ತಿ ಕಾಣೋದು ಈಗ ವಿಡಿಯೋದಲ್ಲೇ, ಎದುರಿಗೆ ಹೋದರೆ ಬರೀ ಕಣ್ಣು.

ಮುಖ ಕಾಣಲೇಬೇಕಾ ಅನ್ನೋದೂ ಒಂದು ಪ್ರಶ್ನೆಯೇ. ಮನೋವಿಶ್ಲೇಷಣೆ ಶುರುಮಾಡಿದ ವಿಯೆನ್ನಾದ ವೈದ್ಯ ಫ್ರಾಯ್ಡ್, ತನ್ನ ಹತ್ತಿರ ಬಂದವರನ್ನು ಮಂಚದಂಥ ಸೋಫಾ ಮೇಲೆ ಮಲಗಿಸಿ ತಾನು ತಲೆಯ ಹಿಂದೆ ಕೂರುತ್ತಿದ್ದ. ದಿನಕ್ಕೆ ಎಂಟು ಗಂಟೆ ಜನ ತನ್ನನ್ನೇ ದಿಟ್ಟಿಸೋದು ಸಹಿಸಲಾರೆ ಅಂತ ಬರೆದುಕೊಂಡಿದ್ದಾನೆ. ಅವನ ಮಗಳು ಸೋಫಿ 1920ರ ಜನವರಿಯಲ್ಲಿ ಫ್ಲೂ ಬಂದು ಹ್ಯಾಂಬರ್ಗ್‌ನಲ್ಲಿ ತೀರಿಕೊಂಡಳು. ವಿಯೆನ್ನಾದಿಂದ ಹೋಗೋಕೆ ರೈಲಿರಲಿಲ್ಲ. ಮನಸ್ಸಿನ ವೈದ್ಯಕ್ಕೇ ಹೆಸರಾದವನಿಗೂ ಮಗಳ ಮುಖ ನೋಡೋಕಾಗಲಿಲ್ಲ. ಇದನ್ನು ಓದಿದ ರಾತ್ರಿ ನಾನು ಜಾಸ್ತಿ ಹೊತ್ತು ಎದ್ದೇ ಇದ್ದೆ.

ಕೊರೊನಾ ಒಂದು ಸಲ ಬಂದುಹೋದವರಿಗೆ ಇಷ್ಟು ಬೇಗ ಮತ್ತೆ ಬರೋದು ಅಪರೂಪ ಅಂತಾರೆ ಡಾಕ್ಟರು. ಆದರೆ ವಾಸಿಯಾಗಿ ಮೂರು ತಿಂಗಳು ಕಳೆಯದೆ ಲಸಿಕೆ ಇಲ್ಲ ಅನ್ನೋ ನಿಯಮ ಇದೆಯಲ್ಲ. ಅಮ್ಮನ ಎರಡನೇ ಡೋಸೂ ನನ್ನ ಮೊದಲನೇದೂ ಆಗಸ್ಟ್ ಕೊನೆಗೆ ಹೋಯ್ತು. ಸ್ಟೀರಾಯ್ಡ್‌ನಿಂದ ಏರಿದ ಅಮ್ಮನ ಶುಗರ್ ಇನ್ನೂ ಹದಕ್ಕೆ ಬಂದಿಲ್ಲ. ಶುಗರ್ ಏರಿದವರಿಗೇ ಹೆಚ್ಚು ಬರುವ ಬ್ಲ್ಯಾಕ್ ಫಂಗಸ್ ಸುದ್ದಿ ಬಂದರೆ ಈಗಲೂ ಟಿವಿ ಆಫ್ ಮಾಡ್ತೀನಿ. ಕೊರೊನಾದ ಡೆಲ್ಟಾ ತಳಿ ಓಡಾಡುವಾಗ ಮೆಟ್ರೋ ಹತ್ತಿ ಹೋಗಿ, ಅಮ್ಮನ ಬಗ್ಗೆ ಅತ್ತು, ಅಮ್ಮನಿಗೇ ಕಾಯಿಲೆ ತಂದುಕೊಟ್ಟರೆ? ಅದಕ್ಕೆ ಇನ್ಯಾವ ಥೆರಪಿ ಮಾಡಿಸಿಕೊಳ್ಳಲಿ.

ಸಂಜೆ ಗೆಳತಿಗೆ ಫೋನ್ ಮಾಡಿದ್ದೆ. ಅವಳು ಆಫೀಸ್ ಕೆಲಸವನ್ನು ಶಿವಮೊಗ್ಗದ ಅಪ್ಪನ ಮನೆಯಿಂದಲೇ ಮಾಡ್ತಾ ಇದಾಳೆ. ಇಲ್ಲಿ ಆರ್‌ಪಿಸಿ ಲೇಔಟಿನ ಮನೆಗೆ ಸುಮ್ನೆ ಬಾಡಿಗೆ ಕಟ್ತಾ ಇದಾಳೆ, ಬೀಗದ ಕೈ ನನ್ನ ಹತ್ತಿರವೇ ಇದೆ. ಹೀಗ್ಹೀಗೆ ಅಂದೆ. "ಅಯ್ಯೋ, ಹೋಗಿ ಕೂತ್ಕೊಳ್ಳೇ, ಅದಕ್ಕೆ ಕೇಳ್ಬೇಕಾ? ಹೋದಾಗ ಹಾಗೇ ತುಳಸಿಗೂ ನೀರು ಹಾಕಿಬಿಡು" ಅಂದಳು.

ನಡೆದು ಹೋಗಬಹುದು. ಮಾಸ್ಕ್ ಬೇಕಿಲ್ಲ, ಗೋಡೆಯಾಚೆ ಯಾರೂ ಇಲ್ಲ. ನೆಟ್ ಇಲ್ಲ, ಫೋನಿನ ಹಾಟ್‌ಸ್ಪಾಟ್ ಸಾಕು. ವಾಪಸ್ ನಡೆಯೋಷ್ಟರಲ್ಲಿ ಮುಖವೂ ಸರಿಹೋಗುತ್ತೆ. ಕ್ಲಿನಿಕ್ ವಿಷಯ ಲಸಿಕೆ ಆದಮೇಲೆ ನೋಡಿಕೊಳ್ಳೋಣ.

ಮೇಡಂಗೆ ಬರೆದೆ: "ಸದ್ಯಕ್ಕೆ ವಿಡಿಯೋನೇ. ಆದರೆ ಬೇರೆ ಮನೆಯಿಂದ. ಬುಧವಾರ ಐದೂವರೆ ಆಗುತ್ತಾ?" ಆಗುತ್ತೆ ಅಂದರು. ಅಮ್ಮನಿಗೆ, ಗೆಳತಿ ಮನೆ ತುಳಸಿಗೆ ನೀರು ಹಾಕೋಕೆ ಹೋಗ್ತೀನಿ ಅಂತ ಹೇಳಿದ್ದೀನಿ. ಸುಳ್ಳೇನಲ್ಲ.