ಬ್ಯಾಟಿಗೆ ಎಷ್ಟು ಎಣ್ಣೆ ಸಾಕು?

ನನ್ನ ಮೊದಲ ವಿಲೋ ಮರದ ಕ್ರಿಕೆಟ್ ಬ್ಯಾಟನ್ನು ಕೆಡಿಸಿದವನು ನಾನೇ, ಅದೂ ಅತಿಯಾದ ಆರೈಕೆಯಿಂದ. ಎಣ್ಣೆ ಕುಡಿದಷ್ಟೂ ಮರ ಗಟ್ಟಿಯಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಅಗಲವಾದ ಡಬ್ಬಿಯಲ್ಲಿ ಅಗಸೆ ಎಣ್ಣೆ ಸುರಿದು, ಬ್ಯಾಟಿನ ತುದಿಯನ್ನು ಅದರಲ್ಲಿ ಮುಳುಗಿಸಿ ಎರಡು ರಾತ್ರಿ ನಿಲ್ಲಿಸಿದ್ದೆ. ಹೊರತೆಗೆದಾಗ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ಕೈಗೆತ್ತಿಕೊಂಡರೆ ಬ್ಯಾಟು ಕೆಳಕ್ಕೆ ಜಗ್ಗುತ್ತಿತ್ತು. ಚೆಂಡು ತಾಗಿದಾಗ ಮೊದಲಿನ ಟಕ್ಕೆನ್ನುವ ಸದ್ದಿನ ಬದಲು ಒದ್ದೆ ಹಲಗೆಗೆ ಬಡಿದಂಥ ಮಂದ ಸದ್ದು ಬರುತ್ತಿತ್ತು. ಒಳಕ್ಕೆ ಹೋದ ಎಣ್ಣೆಯನ್ನು ಹಿಂಡಿ ತೆಗೆಯುವ ಉಪಾಯ ಯಾವುದೂ ಇಲ್ಲವೆಂಬುದು ಆಮೇಲೆ ತಿಳಿಯಿತು.

ವಿಲೋ ಹಗುರವಾದ, ಮೆತ್ತನೆಯ ಮರ. ಅದರ ಎಳೆಗಳು ಬ್ಯಾಟಿನ ಉದ್ದಕ್ಕೂ ಹರಿದು ತುದಿಯಲ್ಲಿ ಕಡಿದು ನಿಲ್ಲುವುದರಿಂದ, ಅಲ್ಲಿ ಅವು ಸಣ್ಣ ಸಣ್ಣ ಕೊಳವೆಗಳ ಬಾಯಿಯಂತೆ ತೆರೆದುಕೊಂಡಿರುತ್ತವೆ. ನೀರಾಗಲಿ ಎಣ್ಣೆಯಾಗಲಿ ಮುಖದ ಭಾಗಕ್ಕಿಂತ ಅಲ್ಲಿಂದ ಬೇಗ ಒಳನುಗ್ಗುತ್ತದೆ. ಬ್ಯಾಟಿನ ಮರದಲ್ಲಿ ಒಂದಿಷ್ಟು ತೇವ ಇರಲೇಬೇಕು. ಅದು ಹೆಚ್ಚಾದರೆ ಮರ ಉಬ್ಬುತ್ತದೆ, ತೀರ ಆರಿಹೋದರೆ ಪೆಡಸಾಗಿ ಸೀಳುತ್ತದೆ. ಈ ತೇವದ ಏರಿಳಿತವನ್ನು ನಿಧಾನಗೊಳಿಸುವುದಷ್ಟೇ ಎಣ್ಣೆಯ ಕೆಲಸ.

ಆದ್ದರಿಂದ ಒಂದು ಸಲಕ್ಕೆ ಒಂದು ಚಹಾ ಚಮಚದಷ್ಟು ಎಣ್ಣೆ ಸಾಕು. ಬಣ್ಣದ ಅಂಗಡಿಯಲ್ಲಿ ಸಿಗುವ 'ಬಾಯಿಲ್ಡ್' ಎಣ್ಣೆಯಲ್ಲಿ ಬೇಗ ಒಣಗಿಸುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ, ಅದು ಬೇಡ. ಕಚ್ಚಾ ಅಗಸೆ ಎಣ್ಣೆಯೇ ಬೇಕು. ಅದನ್ನು ಬಟ್ಟೆಗೆ ಹಚ್ಚಿಕೊಂಡು ಮುಖ, ಅಂಚು, ಬೆನ್ನುಗಳ ಮೇಲೆ ತೆಳುವಾಗಿ ಸವರಿ, ತುದಿಗೆ ಬಟ್ಟೆಯಲ್ಲಿ ಉಳಿದಷ್ಟನ್ನೇ ಒರೆಸಬೇಕು. ಹಿಡಿಯು 'ವಿ' ಆಕಾರದಲ್ಲಿ ಬ್ಲೇಡಿನೊಳಗೆ, ಅಂದರೆ ಬ್ಯಾಟಿನ ಅಗಲವಾದ ಭಾಗದೊಳಗೆ, ಕೂತಿರುವ ಸಂದಿನ ಹತ್ತಿರಕ್ಕೆ ಎಣ್ಣೆ ಹೋಗಲೇಬಾರದು, ಏಕೆಂದರೆ ಅಲ್ಲಿಯ ಅಂಟು ಸಡಿಲವಾಗಬಹುದು. ಸ್ಟಿಕ್ಕರುಗಳ ಮೇಲೂ ಬೇಡ. ಸವರಿದ ಮೇಲೆ ಬ್ಯಾಟನ್ನು ನಿಲ್ಲಿಸದೆ, ಮುಖ ಮೇಲಾಗಿ ಅಡ್ಡಲಾಗಿ ಮಲಗಿಸಿ ಒಂದು ರಾತ್ರಿ ಬಿಡಬೇಕು. ನಿಲ್ಲಿಸಿದರೆ ಎಣ್ಣೆಯೆಲ್ಲ ತುದಿಗೇ ಇಳಿಯುತ್ತದೆ. ಹೊಸ ಬ್ಯಾಟಿಗೆ ಇಂಥ ಎರಡು ಮೂರು ಲೇಪ ಕೊಟ್ಟ ಮೇಲೆಯೇ ಕೊಡತಿಯಿಂದ ತಟ್ಟಿ ಹದಮಾಡುವ ಕೆಲಸಕ್ಕೆ ಕೈಹಾಕಬೇಕು. ಮುಖಕ್ಕೆ ಪಾರದರ್ಶಕ ಹಾಳೆ ಅಂಟಿಸಿದ್ದರೆ ಆ ಭಾಗಕ್ಕೆ ಎಣ್ಣೆಯ ಅಗತ್ಯವಿಲ್ಲ. ಅಂದಹಾಗೆ, ಎಣ್ಣೆ ಹಿಡಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಂಡೀತು. ನಾನು ಅದನ್ನು ಹೊರಗೆ ಹರವಿ ಒಣಗಿಸಿದ ನಂತರವೇ ಬಿಸಾಡುತ್ತೇನೆ.

ಇನ್ನು ಬ್ಯಾಟು ಇಡುವ ಜಾಗ. ಬೆವರಿನಿಂದ ತೊಯ್ದ ಪ್ಯಾಡು, ಗ್ಲೌಸುಗಳ ಜೊತೆಗೆ ಅದನ್ನು ಕಿಟ್ ಬ್ಯಾಗಿನಲ್ಲಿ ವಾರಗಟ್ಟಲೆ ಮುಚ್ಚಿಡುವುದು ಕೆಟ್ಟ ಅಭ್ಯಾಸ, ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡುವುದು ಇನ್ನೂ ಕೆಟ್ಟದ್ದು. ಒದ್ದೆ ಹುಲ್ಲಿನ ಮೇಲೆ ಆಡಿ ಬಂದ ದಿನ ಒಣ ಬಟ್ಟೆಯಿಂದ, ಮುಖ್ಯವಾಗಿ ತುದಿಯನ್ನು, ಚೆನ್ನಾಗಿ ಒರೆಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಮಲಗಿಸಬೇಕು. ಬೇಗ ಒಣಗಲೆಂದು ಬಿಸಿಲಿಗೋ ಹೀಟರಿನ ಮುಂದೆಯೋ ಇಟ್ಟರೆ ಮರ ಬಿರಿಯುತ್ತದೆ. ತುದಿಗೆ ಅಂಟಿಸುವ ರಬ್ಬರ್ ಗಾರ್ಡ್ ಒಳ್ಳೆಯದೇ, ಆದರೆ ಅದರ ಅಂಟು ಒಂದು ಕಡೆ ಬಿಟ್ಟುಕೊಂಡರೆ ಒಳಗೆ ಸೇರಿದ ನೀರು ಹೊರಬರಲಾರದೆ ಕೂರುತ್ತದೆ. ಆಗ ಗಾರ್ಡ್ ಇಲ್ಲದಿರುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಆಟವಿಲ್ಲದ ತಿಂಗಳುಗಳಿಗೆ ಮುನ್ನ ಸವೆದ ಟೇಪು, ಹಾಳೆಗಳನ್ನು ಎಳೆಗಳ ಜಾಡಿನಲ್ಲೇ ನಿಧಾನವಾಗಿ ಬಿಡಿಸಿ, ನಯವಾದ ಉಪ್ಪುಕಾಗದದಿಂದ ಮೇಲಿನ ಕೊಳೆಯನ್ನು ಉಜ್ಜಿ ತೆಗೆದು, ಒಂದೇ ಒಂದು ತೆಳು ಲೇಪ ಕೊಟ್ಟು ಎತ್ತಿಡುತ್ತೇನೆ. ಮುಖದ ಮೇಲಿನ ಕೂದಲೆಳೆಯಂಥ ಬಿರುಕುಗಳು ಆಡಿದ ಬ್ಯಾಟಿನಲ್ಲಿ ಸಹಜ, ಅವುಗಳಿಗೆ ಹೆದರಬೇಕಿಲ್ಲ. ಅಂಚಿನಲ್ಲಿ ಸಿಬಿರು ಎದ್ದಿದ್ದರೆ ಮರದ ಅಂಟು ಹಾಕಿ, ಒತ್ತಿ ಹಿಡಿಸಿ, ಒಣಗಿದ ಮೇಲೆ ಫೈಬರ್ ಟೇಪು ಸುತ್ತಬಹುದು. ಹಿಡಿಯನ್ನು ತುಸು ಬಾಗಿಸಿ ನೋಡಿದಾಗ ಸಂದಿನಲ್ಲಿ ಕಿರ್ರೆಂಬ ಸದ್ದು ಕೇಳಿದರೆ ಮಾತ್ರ ನಾನು ಕೈಯಾಡಿಸುವುದಿಲ್ಲ. ಬ್ಯಾಟು ರಿಪೇರಿ ಬಲ್ಲವರಿಗೆ ಒಪ್ಪಿಸಿಬಿಡುತ್ತೇನೆ.