ಕೆನಡಾದಲ್ಲಿ ಬೇಸಿಗೆ ಇರುತ್ತಾ?

"ನಿಮ್ಮ ಕಡೆ ಬೇಸಿಗೆ ಅಂತ ಒಂದು ಇರುತ್ತಾ?"

ಅಮೆರಿಕದ ಡೆಟ್ರಾಯಿಟ್‌ನ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವವರು ಕೇಳುತ್ತಾರೆ, ರಕ್ತದೊತ್ತಡ ನೋಡುವಾಗ ಮಾತಿಗಿಳಿದ ರೋಗಿಗಳು ಕೇಳುತ್ತಾರೆ, ದಾವಣಗೆರೆಯಿಂದ ಫೋನ್ ಮಾಡುವ ಚಿಕ್ಕಮ್ಮನೂ ಕೇಳುತ್ತಾರೆ. ಚಿಕ್ಕಮ್ಮ ಕೇಳಿದರೆ ಆಶ್ಚರ್ಯವಿಲ್ಲ. ಅವರಿರುವುದು ಭೂಮಿಯ ಇನ್ನೊಂದು ಮಗ್ಗುಲಲ್ಲಿ. ಡೆಟ್ರಾಯಿಟ್‌ನವರು ಕೇಳಿದಾಗ ಮಾತ್ರ ಅವರ ಕೈಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ. ಕಿಟಕಿಯಾಚೆ ನದಿ, ನದಿಯಾಚೆ ಕೆನಡಾ, ನಮ್ಮೂರು ವಿಂಡ್ಸರ್. ಅಲ್ಲಿಂದಲೇ ನಾನು ದಿನಾ ಕೆಲಸಕ್ಕೆ ಬರುವುದು. ನನ್ನಂತೆ ನದಿ ದಾಟಿ ಬರುವ ನರ್ಸುಗಳು ಇಲ್ಲಿ ಬಹಳ ಜನ ಇದ್ದೇವೆ.

1930ರಲ್ಲಿ ಶುರುವಾದ ಸುರಂಗ ನದಿಯ ಅಡಿಯಲ್ಲಿದೆ. ಉದ್ದ ಸುಮಾರು ಒಂದೂವರೆ ಕಿಲೋಮೀಟರ್. ನಡುವೆ ಒಂದು ಕಡೆ ಗೋಡೆಯ ಮೇಲೆ ಎರಡೂ ದೇಶದ ಬಾವುಟಗಳಿವೆ, ಅಲ್ಲಿಗೆ ಒಂದು ದೇಶ ಮುಗಿದು ಇನ್ನೊಂದು ಶುರು. ಬೆಳಿಗ್ಗೆ ಮನೆ ಬಿಡುವಾಗ ಜಿನುಗುತ್ತಿದ್ದ ಮಳೆ ಸುರಂಗದಿಂದ ಹೊರಗೆ ಬಂದಾಗಲೂ ಜಿನುಗುತ್ತಿರುತ್ತದೆ. ಇನ್ನೂ ಒಂದು ವಿಷಯ ಹೇಳಿದರೆ ನಂಬುವವರು ಕಡಿಮೆ: ಡೆಟ್ರಾಯಿಟ್‌ನಿಂದ ಕೆನಡಾಕ್ಕೆ ಬರಬೇಕಾದರೆ ದಕ್ಷಿಣಕ್ಕೆ ಬರಬೇಕು. ನದಿ ಅಲ್ಲಿ ಹಾಗೆ ತಿರುಗಿಕೊಂಡಿದೆ.

ಅದಕ್ಕೇ ನನ್ನ ಉತ್ತರ ಹೀಗೆ: ಇರುತ್ತದೆ, ಚೆನ್ನಾಗಿಯೇ ಇರುತ್ತದೆ. ಜುಲೈ ತಿಂಗಳಲ್ಲಿ ವಿಂಡ್ಸರ್‌ಗೆ ಬನ್ನಿ. ಉಷ್ಣಾಂಶ 30 ದಾಟಿದ ದಿನ ಗಾಳಿಯ ತೇವವೂ ಸೇರಿದರೆ ಮೈಗೆ 40ರ ಧಗೆ. ಹೊರಗೆ ಕಾಲಿಟ್ಟರೆ ಬಟ್ಟೆ ಬೆನ್ನಿಗೆ ಅಂಟುತ್ತದೆ. ಮಂಗಳೂರಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಿಂದ ಐವತ್ತು ಕಿಲೋಮೀಟರ್ ದೂರದ ಲೀಮಿಂಗ್ಟನ್ ಟೊಮೆಟೊಗೆ ಹೆಸರಾದ ಊರು. ಕಣ್ಣು ಹಾಯುವಷ್ಟು ದೂರ ಗಾಜಿನ ಮನೆಗಳು. ಒಳಗೆ ಟೊಮೆಟೊ, ಸೌತೆ, ದೊಣ್ಣೆಮೆಣಸಿನಕಾಯಿ. ಚಳಿಗಾಲದ ರಾತ್ರಿ ಆ ಮನೆಗಳೊಳಗಿನ ದೀಪಗಳ ಬೆಳಕಿಗೆ ಆಕಾಶವೇ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೆಳೆ ಕೀಳಲು ಮೆಕ್ಸಿಕೊ, ಜಮೈಕಾಗಳಿಂದ ಕೂಲಿಯವರು ಬರುತ್ತಾರೆ, ಊರ ಬೀದಿಯಲ್ಲಿ ಸ್ಪ್ಯಾನಿಷ್ ಬೋರ್ಡುಗಳು. ಒಂದು ದಿನ ಊಟದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬಳು ಇದೇ ಪ್ರಶ್ನೆ ಕೇಳುತ್ತಾ ಟೊಮೆಟೊ ಹೆಚ್ಚುತ್ತಿದ್ದಳು. ಅದಕ್ಕೆ ಅಂಟಿಸಿದ್ದ ಪುಟ್ಟ ಚೀಟಿ ತೋರಿಸಿದೆ. 'ಕೆನಡಾದ ಬೆಳೆ' ಅಂತ ಬರೆದಿತ್ತು. ಅವಳು ಅದನ್ನು ಕಿತ್ತು ಬೆರಳ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು.

ಭೂಪಟದಲ್ಲಿ ಕೆನಡಾ ಯಾವಾಗಲೂ ಮೇಲೆ. ಮೇಲೆ ಅಂದರೆ ಹಿಮ, ಕೆಳಗೆ ಅಂದರೆ ಬಿಸಿಲು ಅನ್ನುವ ಲೆಕ್ಕ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆದರೆ ಕೆನಡಾದ ಹೆಚ್ಚಿನ ಜನ ಇರುವುದು ಗಡಿಯ ಅಂಚಿಗೆ ಒತ್ತಿಕೊಂಡೇ. ಅಮೆರಿಕದ ಸಿಯಾಟಲ್ ನಮ್ಮ ಟೊರೊಂಟೊ, ಮಾಂಟ್ರಿಯಲ್ ಎರಡಕ್ಕಿಂತಲೂ ಉತ್ತರದಲ್ಲಿದೆ. ಅದೇ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜನವರಿ ಚಳಿ ಟೊರೊಂಟೊಗಿಂತ ಎಷ್ಟೋ ಕಠಿಣ. ಮಿನಿಯಾಪೊಲಿಸ್ ಇರುವ ಬಯಲಿನಲ್ಲಿ ಉತ್ತರದ ಗಾಳಿಗೆ ಅಡ್ಡ ನಿಲ್ಲುವ ಬೆಟ್ಟವೇ ಇಲ್ಲ, ಟೊರೊಂಟೊಗಾದರೆ ಪಕ್ಕದಲ್ಲಿ ದೊಡ್ಡ ಕೆರೆಯ ಬಿಸುಪಿದೆ. ವ್ಯಾಂಕೂವರ್‌ನಲ್ಲಿ ಚಳಿಗಾಲ ಅಂದರೆ ಹೆಚ್ಚಾಗಿ ಮಳೆ. ಹಾಗಂತ ವಿನಿಪೆಗ್‌ನವರ ಹತ್ತಿರ ಹೋಗಿ ಚಳಿಯೇ ಇಲ್ಲ ಅಂದರೆ ಅದೂ ಸುಳ್ಳೇ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಪಕ್ಕದವರು ನಮ್ಮ ಬಗ್ಗೆ ಹೇಳಿದ್ದನ್ನು ನಾವೂ ನಂಬಿಬಿಡುತ್ತೇವೆ. 'ನಮ್ಮದು ಚಳಿ ದೇಶ' ಅಂತ ಕೆನಡಾದವರೂ ಅಷ್ಟೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮನೆ ಕಟ್ಟುವಾಗ ಬೆಚ್ಚಗಿಡುವುದನ್ನು ಯೋಚಿಸುತ್ತಾರೆ, ತಣ್ಣಗಿಡುವುದನ್ನಲ್ಲ. 2021ರ ಜೂನ್ ಕೊನೆಯಲ್ಲಿ ಬ್ರಿಟಿಷ್ ಕೊಲಂಬಿಯಾದ ಲಿಟ್ಟನ್ ಅನ್ನುವ ಪುಟ್ಟ ಊರಿನಲ್ಲಿ 49.6 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಮರುಭೂಮಿಯ ನಡುವಿನ ಲಾಸ್ ವೇಗಸ್ ಕೂಡ ಅಲ್ಲಿಯವರೆಗೆ ಅಷ್ಟು ಬಿಸಿಲು ಕಂಡಿರಲಿಲ್ಲ. ಮಾರನೇ ದಿನ ಬೆಂಕಿ ಬಿದ್ದು ಊರಿಗೆ ಊರೇ ಸುಟ್ಟುಹೋಯಿತು. ಆ ಒಂದು ವಾರದ ಬಿಸಿಲಿಗೆ ಆ ಪ್ರಾಂತ್ಯದಲ್ಲಿ 619 ಜನ ಸತ್ತರು ಎಂದು ಅಲ್ಲಿನ ಸರ್ಕಾರಿ ತನಿಖಾಧಿಕಾರಿಗಳ ವರದಿ ಹೇಳಿತು. ಹೆಚ್ಚಿನವರು ವಯಸ್ಸಾದವರು, ಒಂಟಿಯಾಗಿದ್ದವರು. ಬಹುತೇಕ ಎಲ್ಲರೂ ಸತ್ತಿದ್ದು ಮನೆಯೊಳಗೆ, ಏಸಿ ಇಲ್ಲದ ಕೋಣೆಗಳಲ್ಲಿ. ಮೈ ಕಾದು ಬಂದ ವೃದ್ಧರನ್ನು ನಾನು ಹಾಸಿಗೆಯಲ್ಲಿ ನೋಡಿದ್ದೇನೆ. ಚರ್ಮ ಒಣಗಿರುತ್ತದೆ, ಮಾತು ತಡವರಿಸುತ್ತದೆ, ಇದು ಯಾವ ದಿನ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಡೆಟ್ರಾಯಿಟ್‌ವರೆಗೂ ಬಂತು. ಸೂರ್ಯ ಕೆಂಪಗೆ ತಟ್ಟೆಯ ಹಾಗೆ ಕಾಣುತ್ತಿದ್ದ. ಉಬ್ಬಸದವರಿಂದ ನಮ್ಮ ವಾರ್ಡ್ ತುಂಬಿತು. "ಚಳಿ ದೇಶದ ಕಾಡು ಉರಿಯುತ್ತಾ?" ಎಂದು ಒಬ್ಬರು ಕೇಳಿದರು, ಆಕ್ಸಿಜನ್ ಮಾಸ್ಕ್ ಸರಿಸಿ.

ತಪ್ಪು ತಿಳಿವಳಿಕೆ ಆ ಕಡೆಯದು ಮಾತ್ರ ಅಲ್ಲ. ವಿಂಡ್ಸರ್‌ನ ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ, ಒಬ್ಬರೇ ಇರುತ್ತಾರೆ. ನದಿಯಾಚೆಗೆ ಕಾಲಿಟ್ಟು ಇಪ್ಪತ್ತು ವರ್ಷವಾಯಿತಂತೆ. "ರಾತ್ರಿ ಡ್ಯೂಟಿ ಮುಗಿಸಿ ಒಬ್ಬಳೇ ಬರ್ತೀಯಾ? ಅಲ್ಲಿ ಎಲ್ಲರ ಕೈಯಲ್ಲೂ ಬಂದೂಕು ಇರುತ್ತಲ್ಲ ಮಗಳೇ" ಅನ್ನುತ್ತಾರೆ. ಬಂದೂಕಿನ ಗಾಯಗಳಿಗೆ ನಾನೇ ಪಟ್ಟಿ ಕಟ್ಟಿದ್ದೇನೆ, ಆ ಭಯ ಸುಳ್ಳು ಅನ್ನಲಾರೆ. ಆದರೆ ಫೆಬ್ರವರಿಯ ಒಂದು ಬೆಳಗಿನ ಜಾವ ಅದೇ ಡೆಟ್ರಾಯಿಟ್‌ನ ಬೀದಿಯಲ್ಲಿ ನನ್ನ ಕಾರು ಹಿಮದಲ್ಲಿ ಹೂತಾಗ, ಎದುರು ಮನೆಯ ಅಪ್ಪ ಮಗ ಇಬ್ಬರೂ ಸಲಿಕೆ ಹಿಡಿದು ಬಂದರು. ಚಕ್ರದ ಮುಂದೆ ಬೂದಿ ಚೆಲ್ಲಿ, ತಳ್ಳಿ ಕಳಿಸಿದರು. ನನ್ನ ಹೆಸರನ್ನೂ ಕೇಳಲಿಲ್ಲ. 1891ರಿಂದ ನಡೆಯುತ್ತಿರುವ ಈಸ್ಟರ್ನ್ ಮಾರ್ಕೆಟ್‌ಗೆ ಶನಿವಾರ ಹೋಗಿ ನೋಡಿ, ನಮ್ಮ ಸಂತೆಯ ಗದ್ದಲವೇ. ಊರ ಖಾಲಿ ಜಾಗಗಳಲ್ಲಿ ಬೆಳೆದ ಸೊಪ್ಪು ತಂದು ಮಾರುವವರೂ ಸಿಗುತ್ತಾರೆ. ಅಜ್ಜಿಗೆ ಅಲ್ಲಿಂದ ಒಮ್ಮೆ ಹೂವಿನ ಸಸಿ ತಂದುಕೊಟ್ಟೆ. ಇಟ್ಟುಕೊಂಡರು, ಬರುತ್ತೇನೆ ಅಂತ ಮಾತ್ರ ಹೇಳಲಿಲ್ಲ.

ಆ ಅಜ್ಜಿಯ ಮನೆಯಲ್ಲಿ ಏಸಿ ಇರಲಿಲ್ಲ. "ನಮ್ಮ ದೇಶಕ್ಕೆ ಅದೆಲ್ಲ ಬೇಡ" ಅನ್ನುತ್ತಿದ್ದರು. ಎರಡು ಬೇಸಿಗೆ ಬೆನ್ನು ಬಿದ್ದೆ. ಧಗೆ ಹೆಚ್ಚಿದ ದಿನ ಕೆಲಸಕ್ಕೆ ಹೋಗುವ ಮುಂಚೆ ಬಾಗಿಲು ತಟ್ಟಿ ನೀರು ಕುಡಿಸಿ ಬರುತ್ತಿದ್ದೆ. ಹೋದ ವರ್ಷ ಒಪ್ಪಿದರು. ಮಲಗುವ ಕೋಣೆಯ ಕಿಟಕಿಗೆ ಏಸಿ ಕೂರಿಸಿದ ದಿನ ನನ್ನನ್ನು ಕರೆದರು. ಅದರಲ್ಲಿ 75 ಅಂತ ಕಾಣುತ್ತಿತ್ತು, ಅಮೆರಿಕದ ಫ್ಯಾರನ್‌ಹೀಟ್ ಲೆಕ್ಕ. ಗಾಬರಿಯಾಗಿದ್ದರು. ಗುಂಡಿ ಒತ್ತಿ ಸೆಲ್ಸಿಯಸ್‌ಗೆ ಬದಲಾಯಿಸಿ, 24ಕ್ಕೆ ಇಟ್ಟು ಬಂದೆ.