ನೂರು ದಿನದ ಕೂಲಿ

ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಗಲ್ಲಾದ ಪಕ್ಕದ ಉದ್ರಿ ಪುಸ್ತಕದಲ್ಲಿ ಒಂದು ಪುಟ ಎರಡು ವರ್ಷದಿಂದ ಹಾಗೇ ಉಳಿದಿತ್ತು. ಅಕ್ಕಿ, ಎಣ್ಣೆ, ಗೋದಿಹಿಟ್ಟು, ನಡುವೆ ಒಮ್ಮೆ ಕೈಗಡ ಕೊಟ್ಟ 20,000, ಎಲ್ಲ ಕೂಡಿ 46,800 ರೂಪಾಯಿ. ತಗೊಂಡವನು ಸೋದರಮಾವನ ಮಗ. ನನ್ನ ಅಂಗಡಿ ಹತ್ತಿರ ಬಂತೆಂದರೆ ರಸ್ತೆ ದಾಟಿಬಿಡುತ್ತಿದ್ದ. ‘ಆ ರೊಕ್ಕ ಬರೂದಿಲ್ಲ, ಬಿಡ್ರಿ. ನಿಮ್ಮ ಬಿಪಿ ಅರ ಇಳೀತೈತಿ’ ಅಂತ ಹೆಂಡತಿ ಹೇಳಿ ಹೇಳಿ ಸುಮ್ಮನಾಗಿದ್ದಳು.

ಬೈಬಲಿನ ಮತ್ತಾಯನ ಸುವಾರ್ತೆ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯ, ಅಂದರೆ ನೀತಿಕಥೆ, ಸಂಡೇ ಸ್ಕೂಲಿನಿಂದ ಕೇಳಿದ್ದೇ. ಆಳೊಬ್ಬ ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಅರಸ ಕನಿಕರಪಟ್ಟು ಪೂರಾ ಬಿಟ್ಟುಬಿಟ್ಟ. ಅದೇ ಆಳು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ, ಒಂದು ತಲಾಂತು ಸುಮಾರು 6,000 ದಿನಾರಿ ಅಂತ ಪಾಸ್ಟರ್ ಪ್ರಸಂಗದಲ್ಲಿ ಹೇಳಿದರು. ವ್ಯಾಪಾರಿ ಬುದ್ಧಿ ಎಲ್ಲಿ ಹೋಗುತ್ತದೆ? ಸೋಮವಾರ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕ್ಯಾಲ್ಕುಲೇಟರ್ ಹಿಡಿದೆ. ಕೂಲಿ 500 ಅಂತ ಹಿಡಿದರೆ ಹತ್ತು ಸಾವಿರ ತಲಾಂತು 3,000 ಕೋಟಿ ರೂಪಾಯಿ. ನೂರು ದಿನಾರಿ? 50,000.

ಹೆಚ್ಚೂಕಡಿಮೆ ನನ್ನ ಉದ್ರಿ ಪುಟ!

ಆ ನೂರು ದಿನಾರಿಯನ್ನು ಎಲ್ಲರೂ ಚಿಲ್ಲರೆ ಸಾಲ ಅಂತಲೇ ಬೋಧಿಸುತ್ತಾರೆ. ಬಡಗಿಯ ಮನೆಯಲ್ಲಿ ಬೆಳೆದ ಯೇಸುವಿಗೆ ನೂರು ದಿನದ ಕೂಲಿ ಎಷ್ಟಂತ ಗೊತ್ತಿರಲಿಲ್ಲವೇ? ಮೂರು ತಿಂಗಳು ಒಲೆ ಉರಿಯುವ ದುಡ್ಡು ಅದು. ನಿನಗಾದ ಲುಕ್ಸಾನು ನಿಜದ್ದೇ, ಆದರೂ ಬಿಡು ಅನ್ನುತ್ತಾನಲ್ಲ, ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಇನ್ನು ನನ್ನ 3,000 ಕೋಟಿ ಯಾವುದು ಅಂತ ಕೇಳಬೇಡಿ. ಕಲ್ಲಿಟ್ಟು ತೂಗುತ್ತಿದ್ದ ಕಾಲದಿಂದ ತಕ್ಕಡಿ ಹಿಡಿದವನು ನಾನು.

ಆದರೂ ಆ ಪುಟಕ್ಕೆ ಗೆರೆ ಎಳೆಯಲು ಕೈ ಬರಲಿಲ್ಲ.

ಚರ್ಚಿನಲ್ಲಿ ಕರ್ತನ ಭೋಜನದ, ಅಂದರೆ ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ ರವಿವಾರ ಮಾವನ ಮಗ ತಡವಾಗಿ ಬಂದು, ಬೇರೆಲ್ಲೂ ಜಾಗವಿಲ್ಲದೆ ನನ್ನ ಬೆಂಚಿನ ತುದಿಗೆ ಕೂತ. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆರಾಧನೆಯಲ್ಲಿ ಸಮಾಧಾನ ಹಂಚುವುದುಂಟು. ಪಾಸ್ಟರ್ ಕೊಟ್ಟದ್ದು ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ ಬರುತ್ತದೆ. ಒಬ್ಬರ ಅಂಗೈಗಳ ನಡುವೆ ಇನ್ನೊಬ್ಬರ ಅಂಗೈ. ಎಡಗಡೆಯ ಅಜ್ಜ ನನಗೆ ಕೊಟ್ಟರು. ಬಲಗಡೆ ಇವನು. ನಾನು ಹಿಡಿದುಕೊಂಡು ಕೂತರೆ ಸಮಾಧಾನ ನನ್ನಲ್ಲೇ ನಿಂತುಬಿಡುತ್ತದೆ. ಕೈ ಚಾಚಿದೆ. ಅವನ ಅಂಗೈ ಬೆವರಿ ಒದ್ದೆಯಾಗಿತ್ತು. ಇಬ್ಬರೂ ಮುಖ ನೋಡಲಿಲ್ಲ.

ಮನೆಗೆ ಬಂದವನೇ ಊಟಕ್ಕೂ ಮೊದಲು ಅಂಗಡಿ ಶಟರ್ ಅರ್ಧ ಎತ್ತಿ, ಒಳಗೆ ನುಸುಳಿ, ಗೆರೆ ಎಳೆದೆ. ಗೆರೆಯ ಅಡಿಯಲ್ಲಿ 46,800 ಇನ್ನೂ ಚೆನ್ನಾಗಿ ಓದಲಿಕ್ಕೆ ಬರುತ್ತದೆ. ಸಿಟ್ಟು ಬಂದ ದಿನ ಪುಟ ತೆಗೆದು ನೋಡುತ್ತೇನೆ, ಇನ್ನೊಂದು ಗೆರೆ ಎಳೆಯುತ್ತೇನೆ. ಇಲ್ಲಿಯವರೆಗೆ ನಾಲ್ಕಾಗಿವೆ.

ಮೊನ್ನೆ ಅವನ ಮಗಳು ಅರ್ಧ ಕೆಜಿ ತೊಗರಿಬೇಳೆ ಕೇಳಿಕೊಂಡು ಬಂದಳು. ನಾನಿನ್ನೂ ತೂಗುತ್ತಿರುವಾಗಲೇ, ಮುಷ್ಟಿಯಲ್ಲಿ ಮುದುಡಿದ್ದ ನೋಟನ್ನು ಗಲ್ಲಾದ ಮೇಲಿಟ್ಟು, ‘ಅಪ್ಪಾ ರೊಕ್ಕ ಮೊದಲ ಕೊಡು ಅಂದಾನ, ಮಾಮಾ’ ಅಂದಳು.